ಹಿಂದಿನ ಸಾಲಿಗೂ ಕೇಳಬೇಕು

2017ರ ಆಗಸ್ಟ್ 18, ಶುಕ್ರವಾರ. ಆಫೀಸಿನಲ್ಲಿ ವಾರದ ಕೊನೆಯ ಮೀಟಿಂಗು ನಡೆದಿತ್ತು. ಅಪ್ಪನ ಫೋನು ಎರಡು ಸಲ ಬಂತು. ಅಪ್ಪ ಆಫೀಸಿನ ಹೊತ್ತಿನಲ್ಲಿ ಎರಡು ಸಲ ಫೋನ್ ಮಾಡಿದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಅಂತಲೇ ಅರ್ಥ. ಎದ್ದು ಹೊರಗೆ ಬಂದೆ.

"ಬಾಳಪ್ಪನವರು ಹೋದರಂತಪಾ" ಅಂದರು ಅಪ್ಪ.

"ಯಾವ ಬಾಳಪ್ಪ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮ ಅಜ್ಜ ಇದ್ದಿದ್ದರ ಈ ಮಾತಿಗೆ ನಿನಗ ಒದೀತಿದ್ದ" ಅಂದು ಫೋನ್ ಇಟ್ಟರು.

ಯಾವ ಬಾಳಪ್ಪ ಅಂತ ಆಗ ಹೊಳೆಯಿತು. ಏಣಗಿ ಬಾಳಪ್ಪ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಆವತ್ತು ತಮ್ಮ ನೂರಾಮೂರನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಹಾಡುವ ನಟ, ಕಂಪನಿಯ ಮಾಲೀಕ, ಬೆಳಗಾವಿ-ಧಾರವಾಡ ಸೀಮೆಯ ಸಾವಿರಾರು ಮಂದಿಯ ಪಾಲಿಗೆ ಸಾಕ್ಷಾತ್ ಬಸವಣ್ಣ. ನಮ್ಮ ಅಜ್ಜನ ಪಾಲಿಗೂ.

ಅಜ್ಜನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ನಾನು ಏಳನೆಯದೋ ಎಂಟನೆಯದೋ ಓದುತ್ತಿದ್ದೆ. ದಸರಾ ರಜೆಗೆ ಬೈಲಹೊಂಗಲದ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಟಿ.ವಿ.ಯಲ್ಲಿ ಯಾವುದೋ ಸನ್ಮಾನದ ಕಾರ್ಯಕ್ರಮ. ಬಿಳಿ ಧೋತರ, ತಲೆಗೆ ರುಮಾಲು ಸುತ್ತಿದ ಒಬ್ಬ ಮುದುಕರಿಗೆ ಶಾಲು ಹೊದಿಸುತ್ತಿದ್ದರು. ಹೊರಸಿನ ಮೇಲೆ ಅಡ್ಡಾಗಿದ್ದ ಅಜ್ಜ ದಡಬಡಿಸಿ ಎದ್ದು ನಿಂತು ಎರಡೂ ಕೈ ಮುಗಿದ. ನನಗೆ ನಗು ತಡೆಯಲಿಲ್ಲ.

"ಕುಂದರಜ್ಜಾ, ಟಿ.ವಿ. ಅದು" ಅಂದೆ.

"ಬಸವಣ್ಣ ಬಂದಾನ ತಮ್ಮಾ. ಕುಂತ ನೋಡಲೇನ?" ಅಂದ ಅಜ್ಜ, ಕಣ್ಣು ಕೀಳದೆ.

ಆ ಶುಕ್ರವಾರ ಮೀಟಿಂಗಿಗೆ ವಾಪಸು ಹೋಗಿ ಕೂತರೂ ತಲೆಯೊಳಗೆ ಅದೇ ಚಿತ್ರ. ಒಬ್ಬ ರೈತ, ಒಬ್ಬ ನಟನಿಗೆ, ಅದೂ ಟಿ.ವಿ. ಪರದೆಯ ಮೇಲಿನ ನಟನಿಗೆ, ಯಾಕೆ ಎದ್ದು ನಿಂತ? ಈ ಪ್ರಶ್ನೆ ಹಿಡಿದುಕೊಂಡು ಹೋದವನಿಗೆ ಸಿಕ್ಕಿದ್ದು ನನ್ನದೇ ಊರುಗಳ ಒಂದು ಚರಿತ್ರೆ. ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

*

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಂಗಳೂರಿನವರಿಗೆ ಇವು ಪುಣೆಗೆ ಹೋಗುವ ಹೈವೇಯ ಆಚೀಚೆ ಕಾಣುವ ಬೋರ್ಡುಗಳು. ಕಿತ್ತೂರು ಅಂದರೆ ಚನ್ನಮ್ಮ ಅಷ್ಟು ಗೊತ್ತಿರುತ್ತದೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಸತ್ತದ್ದು, ಆಮೇಲೆ ಕೋಟೆ ಬಿದ್ದದ್ದು, ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡದ್ದು. ಸವದತ್ತಿ ಅಂದರೆ ಎಲ್ಲಮ್ಮನ ಗುಡ್ಡ. ರಾಮದುರ್ಗ 1948ರ ತನಕ ಒಂದು ಪುಟ್ಟ ಸಂಸ್ಥಾನ, ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಎರಿಮಣ್ಣು, ಹತ್ತಿ, ಬಿಳಿಜೋಳ, ಮಲಪ್ರಭೆ.

ಈ ಸೀಮೆಯ ಮಂದಿಗೆ ಕಥೆ ಅಂದರೆ ಹಾಡು. ಗುಡ್ಡಕ್ಕೆ ಹೋದರೆ ಚೌಡಿಕಿ ಪದ. ಸುಗ್ಗಿ ಮುಗಿದರೆ ಬಯಲಾಟ, ಸಣ್ಣಾಟ, ಪಾರಿಜಾತ. 'ಸಂಗ್ಯಾ ಬಾಳ್ಯಾ' ಹೆಸರು ನೀವು ಕೇಳಿರುತ್ತೀರಿ. ಸಿನಿಮಾ ಕೂಡ ಆಗಿದೆ. ಅದು ಎಲ್ಲೋ ಹುಟ್ಟಿದ ಪುರಾಣ ಅಲ್ಲ, ಬೈಲಹೊಂಗಲದ್ದೇ ಕಥೆ. ವ್ಯಾಪಾರಿ ಈರಣ್ಣ, ಅವನ ಹೆಂಡತಿ ಗಂಗಾ, ಅವಳ ಮೇಲೆ ಮನಸ್ಸಿಟ್ಟ ಸಂಗ್ಯಾ, ನಡುವೆ ಗೆಳೆಯ ಬಾಳ್ಯಾ, ಕೊನೆಗೊಂದು ಕೊಲೆ. ಇವತ್ತಾದರೆ ಕ್ರೈಂ ಸೀರೀಸ್ ಮಾಡುತ್ತಿದ್ದರು. ಆವತ್ತು ಸಣ್ಣಾಟ ಕಟ್ಟಿ, ರಾತ್ರಿಯಿಡೀ ಹಾಡಿದರು.

ಈಗ ಒಂದು ಕ್ವಿಜ್ ಪ್ರಶ್ನೆ. ಮರಾಠಿ ಸಂಗೀತ ನಾಟಕದ ಪಿತಾಮಹ ಅಂತ ಕರೆಸಿಕೊಳ್ಳುವ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಎಲ್ಲಿ? ಪುಣೆ ಅಲ್ಲ. ಸಾಂಗಲಿಯೂ ಅಲ್ಲ. ಸವದತ್ತಿಯ ಪಕ್ಕದ ಗುರ್ಲಹೊಸೂರಿನಲ್ಲಿ, 1843ರಲ್ಲಿ. ನಿಮ್ಮ ಮನೆಯ ಸಂಪಿನ ಪಂಪಿನ ಮೇಲೆ ಕಿರ್ಲೋಸ್ಕರ್ ಅಂತ ಬರೆದಿದೆಯಲ್ಲ, ಆ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾಯರು ಹುಟ್ಟಿದ್ದೂ ಅದೇ ಊರಲ್ಲಿ, 1869ರಲ್ಲಿ.

ಅಣ್ಣಾಸಾಹೇಬರು ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ತಂದು, ತುಂಬ ಹಾಡುಗಳನ್ನು ಸೇರಿಸಿ, 1880ರಲ್ಲಿ ಪುಣೆಯಲ್ಲಿ ಆಡಿಸಿದರು. ಅದುವರೆಗೆ ನಾಟಕದಲ್ಲಿ ಹಾಡು ಸೂತ್ರಧಾರನ ಕೆಲಸವಾಗಿತ್ತು. ಇವರ ನಾಟಕದಲ್ಲಿ ದುಷ್ಯಂತ, ಶಕುಂತಲೆ ತಾವೇ ಬಾಯಿ ತೆರೆದು ಹಾಡಿದರು. ಅಲ್ಲಿಗೆ ಹೊಸದೊಂದು ಕಸುಬು ಹುಟ್ಟಿತು: ಹಾಡುವ ನಟ. ನೋಡುವುದಕ್ಕೂ ಚೆಂದ ಇರಬೇಕು, ಮಾತಿಗೂ ಚುರುಕಿರಬೇಕು, ರಾಗವೂ ಗೊತ್ತಿರಬೇಕು. ಅಣ್ಣಾಸಾಹೇಬರು ಬಳಸಿದ ಮಟ್ಟುಗಳಲ್ಲಿ ಚಿಕ್ಕಂದಿನಿಂದ ಕಿವಿಗೆ ಬಿದ್ದ ಕನ್ನಡ ಹಾಡುಗಳ ಧಾಟಿಯೂ ಇತ್ತು. ಅದಕ್ಕೂ ಹಿಂದೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದಕ್ಕೆ ಪ್ರೇರಣೆ ಹೊನ್ನಾವರದ ಹತ್ತಿರದ ಕರ್ಕಿಯಿಂದ ಬಂದಿದ್ದ ಯಕ್ಷಗಾನ ಮೇಳ ಅನ್ನುತ್ತಾರೆ.

ಹೀಗೆ ಇಲ್ಲಿಂದ ಅಲ್ಲಿಗೆ ಹೋದದ್ದು ಬಡ್ಡಿ ಸಮೇತ ವಾಪಸು ಬಂತು. ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಕ್ಯಾಂಪು ಹಾಕಿದವು. ಆಗ ಇದೆಲ್ಲ ಮುಂಬಯಿ ಪ್ರಾಂತ, ಸುತ್ತ ಮರಾಠಿ ಸಂಸ್ಥಾನಗಳು. ಕನ್ನಡದ ಹುಡುಗರೂ ಮರಾಠಿ ಹಾಡು ಗುನುಗುತ್ತಿದ್ದರು. ಇದನ್ನು ನೋಡಿ ಸಂಕಟಪಟ್ಟ ಗದಗಿನ ಮಾಸ್ತರೊಬ್ಬರು, ಶಾಂತಕವಿ ಅಂತ ಹೆಸರಾದ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಕನ್ನಡದಲ್ಲೇ ನಾಟಕ ಬರೆದು ಮಂಡಳಿ ಕಟ್ಟಿಸಿದರು. ಅಲ್ಲಿಂದ ಮುಂದೆ ಕೊಣ್ಣೂರು ಕಂಪನಿ, ಗರುಡ ಸದಾಶಿವರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ ಅಂತ ಸಾಲು ಬೆಳೆಯಿತು. ಆ ಸಾಲಿಗೆ ಕೊನೆಯಲ್ಲಿ ಬಂದು, ಎಲ್ಲರಿಗಿಂತ ಹೆಚ್ಚು ಕಾಲ ಬಾಳಿ, ಅದರ ನೆನಪನ್ನೆಲ್ಲ ಹೊತ್ತು ನಿಂತವರು ಏಣಗಿ ಬಾಳಪ್ಪ.

*

ಏಣಗಿಯ ಒಕ್ಕಲುತನದ ಮನೆಯ ಹುಡುಗ. ಶಾಲೆ ಹತ್ತಿದ್ದು ಕಡಿಮೆ, ಹಾಡು ಹತ್ತಿದ್ದು ಹೆಚ್ಚು. ಹುಡುಗನ ಪಾತ್ರದಿಂದ ಶುರುವಾಗಿ, ಹೆಣ್ಣು ಪಾತ್ರಗಳನ್ನು ಮಾಡಿ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತ ಕಸುಬು ಕಲಿತರು. ನಾಯಕಿಯ ಪಾತ್ರವನ್ನೂ ಗಂಡು ಹುಡುಗರೇ ಮಾಡುತ್ತಿದ್ದ ಕಾಲ ಅದು. ದನಿ ಒಡೆಯುವ ತನಕ ಹುಡುಗನಿಗೆ ಸೀರೆ, ಒಡೆದ ಮೇಲೆ ಗಂಡು ವೇಷ. ಎಷ್ಟೋ ಹುಡುಗರ ನಟನೆ ದನಿ ಒಡೆದಲ್ಲಿಗೇ ಮುಗಿದುಬಿಡುತ್ತಿತ್ತು. ಬಾಳಪ್ಪನವರದು ಅಲ್ಲಿಂದ ಬೆಳೆಯಿತು. 1940ರ ದಶಕದಲ್ಲಿ ಸ್ವಂತ ಕಂಪನಿ ಕಟ್ಟಿದರು. ಕೊನೆಗೆ ಹೆಸರಾಗಿ ನಿಂತದ್ದು 'ಕಲಾವೈಭವ ನಾಟ್ಯ ಸಂಘ'.

ಕಂಪನಿ ಅಂದರೆ ಏನು ಅಂತ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ನಟರು, ನಟಿಯರು, ಪೇಟಿ ಮಾಸ್ತರ, ತಬಲಾದವ, ಪಡದೆ ಬರೆಯುವವ, ಪಡದೆ ಎಳೆಯುವವ, ಗೇಟು ಕಾಯುವವ, ಅಡಿಗೆಯವ, ಅವರ ಹೆಂಡಿರು ಮಕ್ಕಳು, ಎಲ್ಲ ಸೇರಿ ಒಂದು ಸಣ್ಣ ಊರೇ. ಎಲ್ಲರ ಊಟ ಆ ರಾತ್ರಿಯ ಗೇಟ್ ಕಲೆಕ್ಷನ್ನಿನ ಮೇಲೆ. ಮಳೆ ಬಂದರೆ ಕಲೆಕ್ಷನ್ ಇಲ್ಲ. ಊರಲ್ಲಿ ಪ್ಲೇಗೋ ಕಾಲರಾವೋ ಬಂದರೆ ಕ್ಯಾಂಪೇ ಇಲ್ಲ. ನಾಟಕ ಬಿದ್ದರೆ ಮುಂದಿನ ಊರಿಗೆ ಸಾಮಾನು ಸಾಗಿಸಲು ಸಾಲ. ನಾವು ಸ್ಟಾರ್ಟಪ್ಪಿನಲ್ಲಿ "ಎಷ್ಟು ತಿಂಗಳು ನಡೆಸಬಹುದು" ಅಂತ ಲೆಕ್ಕ ಹಾಕುತ್ತೇವಲ್ಲ, ಬಾಳಪ್ಪನಂಥ ಮಾಲೀಕರು "ಎಷ್ಟು ರಾತ್ರಿ ನಡೆಸಬಹುದು" ಅಂತ ಲೆಕ್ಕ ಹಾಕುತ್ತಿದ್ದರು. ವ್ಯತ್ಯಾಸ ಇಷ್ಟೇ: ನಮ್ಮ ಫೌಂಡರು ಸಂಜೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಆರು ತಾಸು ಹಾಡಬೇಕಾಗಿರುವುದಿಲ್ಲ.

ಹೌದು, ಆರು ತಾಸು. ರಾತ್ರಿ ಊಟ ಮಾಡಿ, ಚಕ್ಕಡಿ ಹೂಡಿಕೊಂಡು ಬಂದ ಮಂದಿ ಕೂತ ಮೇಲೆ ನಾಂದಿ ಶುರು. ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿಯಲು ಬಂದಿರುತ್ತಿತ್ತು. ನಡುವೆ ಹಾಡು ಹಿಡಿಸಿದರೆ "ವನ್ಸ್ ಮೋರ್". ಮತ್ತೆ ಹಿಡಿಸಿದರೆ ಮತ್ತೊಮ್ಮೆ. ಸಾಯುವ ದೃಶ್ಯದಲ್ಲೂ ವನ್ಸ್ ಮೋರ್ ಬಿದ್ದು, ಸತ್ತ ಪಾತ್ರ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು ಅಂತ ಕಂಪನಿ ನಾಟಕಗಳ ಬಗ್ಗೆ ನಗೆಮಾತೇ ಇದೆ.

ದನಿಯ ವಿಷಯಕ್ಕೆ ಬರೋಣ. ಮೈಕು ಬರುವ ಮೊದಲಿನ ಮಾತು. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಅದರ ಹಿಂದೆ ನೆಲ. ನೆಲದ ಟಿಕೀಟು ಎಲ್ಲಕ್ಕಿಂತ ಅಗ್ಗ, ಅಲ್ಲಿ ಕೂರುವವರೇ ಎಲ್ಲಕ್ಕಿಂತ ಹೆಚ್ಚು. ಕಂಪನಿ ಬದುಕುವುದು ಅವರಿಂದ. ಅವರಿಗೆ ಮಾತು ಕೇಳಲಿಲ್ಲ ಅಂದರೆ ಶಿಳ್ಳೆ, ಕೂಗು, ನಾಳೆಯಿಂದ ಗೇಟು ಖಾಲಿ. ಹಾಗಾಗಿ ಹಾಡುವ ನಟ ಪೇಟಿಯ ಕಾಳಿ ಚಾರ, ಕಾಳಿ ಪಾಂಚ ಅನ್ನುವ ಏರು ಶ್ರುತಿಯಲ್ಲಿ ನಿಲ್ಲಬೇಕು. ಗಂಟಲು ಹರಿದುಕೊಳ್ಳದೆ, ಹೊಟ್ಟೆಯಿಂದ ದನಿ ಎತ್ತಬೇಕು. ರಾಗದ ನಾಜೂಕು ಹೋಗಬಾರದು, ಸಾಹಿತ್ಯದ ಒಂದಕ್ಷರವೂ ಕರಗಬಾರದು. ಬಾಳಪ್ಪನವರಲ್ಲಿ ಜನ ಮೆಚ್ಚಿದ್ದು ಇದನ್ನೇ. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಗೆ ಬಂದರೆ ಹಾಡುತ್ತಿದ್ದರು, ಆ ವಯಸ್ಸಿಗೂ ದನಿಯಲ್ಲಿ ಏರು ಉಳಿದಿತ್ತು.

ಅಜ್ಜ ನೆಲದ ಟಿಕೀಟಿನವ. "ನಮಗ ಕಾಣತಿದ್ದದ್ದು ಗೇಣುದ್ದ ಬಸವಣ್ಣ. ದನಿ ಮಾತ್ರ ಕಿವ್ಯಾಗ ಕುಂತಂಗ ಆಕ್ಕಿತ್ತು" ಅನ್ನುತ್ತಿದ್ದ.

*

'ಜಗಜ್ಯೋತಿ ಬಸವೇಶ್ವರ' ಕಲಾವೈಭವದ ದೊಡ್ಡ ನಾಟಕ. ಅದೇ ಹೆಸರಿನ ಸಿನಿಮಾ 1959ರಲ್ಲಿ ಬಂತು, ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ಆದರೆ ನಮ್ಮ ಕಡೆಯ ಹಿರಿಯರಿಗೆ ಬಸವಣ್ಣನ ಮುಖ ಅಂದರೆ ಬಾಳಪ್ಪನವರದೇ. ರಂಗದ ಮೇಲಿನ ನಟನಿಗೆ ಜನ ಹೂಮಾಲೆ ತಂದು ಹಾಕುತ್ತಿದ್ದರು, ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು.

ಇದು ಬರೀ ಮುಗ್ಧ ಭಕ್ತಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಬೇರೆ ಅನ್ನಿಸುತ್ತದೆ. ಫ.ಗು. ಹಳಕಟ್ಟಿಯವರು ತಾಡೋಲೆ ಹುಡುಕಿ ಹುಡುಕಿ 'ವಚನ ಶಾಸ್ತ್ರ ಸಾರ' ಅಚ್ಚು ಹಾಕಿಸಿದ್ದು 1923ರಲ್ಲಿ. ಅಂದರೆ ಹನ್ನೆರಡನೇ ಶತಮಾನದ ವಚನಗಳು ಪುಸ್ತಕವಾಗಿ ಓದುವವರ ಕೈಗೆ ಸಿಗತೊಡಗಿ ಇನ್ನೂ ಒಂದೆರಡು ತಲೆಮಾರಷ್ಟೇ ಆಗಿತ್ತು. ಓದಲು ಬಾರದವರಿಗೆ? ನಮ್ಮ ಅಜ್ಜನಿಗೆ ಸಹಿ ಮಾಡಲು ಬರುತ್ತಿತ್ತು, ಪುಸ್ತಕ ಓದಲು ಬರುತ್ತಿರಲಿಲ್ಲ. ಆದರೆ ಇಪ್ಪತ್ತು ಮೂವತ್ತು ವಚನಗಳು ಬಾಯಿಪಾಠ ಇದ್ದವು. ಕೆಲವು ಮಠದಲ್ಲಿ ಕಲಿತದ್ದು. ಉಳಿದವು ನಾಟಕದಲ್ಲಿ ಕಲಿತದ್ದು, ರಾಗ ಸಮೇತ. ಜಾತಿ ಬಿಟ್ಟು ಮದುವೆ ಮಾಡಿಸಿದ್ದಕ್ಕೆ ಕಲ್ಯಾಣ ಹತ್ತಿ ಉರಿಯಿತು ಅನ್ನುವ ಚರಿತ್ರೆಯನ್ನು ಅಜ್ಜ ಯಾವ ಪಠ್ಯದಲ್ಲೂ ಓದಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಅಳುತ್ತ ನೋಡಿದ. ಎದ್ದು ನಿಂತದ್ದು ಆ ಅಳುವಿಗೆ ಇರಬೇಕು.

ಹಾಗಂತ ನಟರಿಗೆ ಊರಲ್ಲಿ ಮರ್ಯಾದೆ ಇತ್ತು ಅಂದುಕೊಳ್ಳಬೇಡಿ. ರಾತ್ರಿ ಕಾಲು ಮುಟ್ಟುವ ಮಂದಿಯೇ ಹಗಲು "ನಾಟಕದಾಂವಗ ಹೆಣ್ಣು ಕೊಡಬ್ಯಾಡ್ರಿ" ಅನ್ನುತ್ತಿದ್ದರು. ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಗಂಡಸರಿಗೇ ಹೀಗಾದರೆ ನಟಿಯರ ಪಾಡು ಇನ್ನೂ ಕಷ್ಟ. ಬಾಳಪ್ಪನವರ ಹೆಂಡತಿ ಲಕ್ಷ್ಮೀಬಾಯಿ ಏಣಗಿ ಸ್ವತಃ ಹೆಸರಾಂತ ನಟಿ. ಇಂಥ ಹೆಣ್ಣುಮಕ್ಕಳು ಕಂಪನಿಗಳಿಗೆ ದನಿ ಕೊಟ್ಟರು, ಗೇಟು ತುಂಬಿಸಿದರು. ಚರಿತ್ರೆ ಬರೆಯುವಾಗ ಮಾತ್ರ ಮಾಲೀಕರ ಹೆಸರು ಮುಂದೆ, ಅವರ ಹೆಸರು ಅಡಿಟಿಪ್ಪಣಿ. ನಾನೂ ಈ ಲೇಖನದಲ್ಲಿ ಅವರಿಗೆ ಕೊಟ್ಟದ್ದು ಇಷ್ಟೇ ಜಾಗ ಅನ್ನುವುದು ಬರೆಯುವಾಗಲೇ ಚುಚ್ಚುತ್ತಿದೆ.

ಅಜ್ಜ ತೀರಿಕೊಂಡ ಮೇಲೆ ಗೊತ್ತಾದ ಒಂದು ಸಂಗತಿ ಇದೆ. ಅಜ್ಜನೂ ಹಾಡುತ್ತಿದ್ದ. ಹದಿನೇಳನೇ ವಯಸ್ಸಿಗೆ, ಸವದತ್ತಿ ಜಾತ್ರೆಗೆ ಬಂದಿದ್ದ ಒಂದು ಕಂಪನಿಯ ಹಿಂದೆ ಹೋಗಲು ಗಂಟು ಕಟ್ಟಿದ್ದ. ಮುತ್ತಜ್ಜ ದಾರಿಯಲ್ಲಿ ಹಿಡಿದು ತಂದು, ಬಾರುಕೋಲು ಮುರಿಯುವಂತೆ ಹೊಡೆದು, ಮುಂದಿನ ಬೇಸಿಗೆಗೇ ಮದುವೆ ಮಾಡಿದ. ಅಜ್ಜ ಆಮೇಲೆ ಭಜನೆಯ ಗುಂಪಿನಲ್ಲಿ ಬಿಟ್ಟರೆ ಎಲ್ಲೂ ಹಾಡಲಿಲ್ಲ. ಇದನ್ನು ಅಪ್ಪ ಹೇಳಿದ್ದು ಅದೇ ಶುಕ್ರವಾರ ರಾತ್ರಿ. ಟಿ.ವಿ. ಎದುರು ಎದ್ದು ನಿಂತಾಗ ಅಜ್ಜ ಬಸವಣ್ಣನಿಗೆ ಕೈ ಮುಗಿದನೋ, ಬಾಳಪ್ಪನಿಗೆ ಕೈ ಮುಗಿದನೋ, ಅಥವಾ ತಾನು ಹತ್ತದೇ ಹೋದ ಆ ರಂಗಕ್ಕೆ ಕೈ ಮುಗಿದನೋ. ಕೇಳಲು ಈಗ ಅಜ್ಜ ಇಲ್ಲ.

*

ಬಾಳಪ್ಪನವರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು ಮಲ್ಲಿಕಾರ್ಜುನ ಮನ್ಸೂರ, ಧಾರವಾಡದ ಪಕ್ಕದ ಮನ್ಸೂರಿನವರು. ಅವರೂ ಚಿಕ್ಕಂದಿನಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗನೇ. ಮುಂದೆ ಮನ್ಸೂರರು ಕಂಪನಿ ಬಿಟ್ಟು ಖಯಾಲಿನ ದಾರಿ ಹಿಡಿದರು. ಗ್ರಾಮಫೋನ್ ಕಂಪನಿ, ಆಕಾಶವಾಣಿ ಅವರ ದನಿಯನ್ನು ಹಿಡಿದಿಟ್ಟವು. ಇವತ್ತು ಫೋನಿನಲ್ಲಿ ಹುಡುಕಿದರೆ ತಾಸುಗಟ್ಟಲೆ ಸಿಗುತ್ತದೆ. ಬಾಳಪ್ಪ ರಂಗದ ಮೇಲೇ ಉಳಿದರು. ರಂಗದ ಹಾಡು ಆ ರಾತ್ರಿಗೆ ಹುಟ್ಟಿ ಆ ರಾತ್ರಿಗೇ ಮುಗಿಯುವಂಥದ್ದು. ಪಡದೆ ಬಿದ್ದ ಮೇಲೆ ಅದು ಉಳಿಯುವುದು ನೆಲದ ಮೇಲೆ ಕೂತವರ ಕಿವಿಯಲ್ಲಿ ಮಾತ್ರ.

ಸಿನಿಮಾ ಬಂತು, ಟಿ.ವಿ. ಬಂತು. ಕಂಪನಿಗಳು ಒಂದೊಂದಾಗಿ ಪಡದೆ ಸುತ್ತಿಟ್ಟವು. ಕಲಾವೈಭವವೂ ನಿಂತಿತು. ಬಾಳಪ್ಪನವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಗುಬ್ಬಿ ವೀರಣ್ಣ ಪ್ರಶಸ್ತಿ ಬಂತು. ಮಗ ನಟರಾಜ ಏಣಗಿ ರಂಗಭೂಮಿ, ಸಿನಿಮಾ, ಧಾರಾವಾಹಿಗಳಲ್ಲಿ ಒಳ್ಳೆಯ ನಟ ಅನ್ನಿಸಿಕೊಂಡರು. 2012ರಲ್ಲಿ, ಅಪ್ಪ ಇನ್ನೂ ಇದ್ದಾಗಲೇ, ತೀರಿಕೊಂಡರು. ನೂರು ವರ್ಷ ಬಾಳುವುದಕ್ಕೆ ತೆರಬೇಕಾದ ಬೆಲೆ ಇಂಥದ್ದು. ಅವರ ನೆನಪುಗಳನ್ನು ಗಣೇಶ ಅಮೀನಗಡ 'ಬಣ್ಣದ ಬದುಕಿನ ಚಿನ್ನದ ದಿನಗಳು' ಅನ್ನುವ ಪುಸ್ತಕವಾಗಿ ಬರೆದಿಟ್ಟಿದ್ದಾರೆ. ಅದು ನಮ್ಮ ಪುಣ್ಯ. ಮಾತು ಉಳಿಯಿತು. ಮೈಕಿಲ್ಲದ ಆ ತುಂಬು ಹರೆಯದ ದನಿ ಉಳಿಯಲಿಲ್ಲ.

ಕಲಾವಿದನದ್ದೇ ಹೀಗಾದರೆ ಅಜ್ಜನದು ಕೇಳುವುದೇ ಬೇಡ. ಅಜ್ಜ ಬದುಕಿದ್ದ ಕೊನೆಯ ನಾಲ್ಕು ವರ್ಷ ನನ್ನ ಕಿಸೆಯಲ್ಲಿ ರೆಕಾರ್ಡರ್ ಇರುವ ಫೋನ್ ಇತ್ತು. ಅದರಲ್ಲಿ ಟ್ರಿಪ್ಪಿನ ಫೋಟೋ ಇವೆ, ತಿಂದ ಬಿರಿಯಾನಿಯ ಫೋಟೋ ಇವೆ. ಅಜ್ಜನ ದನಿ ಒಂದು ನಿಮಿಷವೂ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ, "ಅಜ್ಜ ಹೇಳತಿದ್ದ ನಾಟಕದ ಹಾಡು ನಿಮಗ ಬರತಾವೇನ್ರಿ?" ಅಪ್ಪ ನಾಚಿಕೊಂಡರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ, ನನ್ನೆದುರು ಯಾವತ್ತೂ ಹಾಡಿದವರಲ್ಲ. "ಅರ್ಧಾ ಬರತಾವ. ರಾಗ ಗಟ್ಟಿ ಇಲ್ಲ" ಅಂದರು. ಅರ್ಧವೇ ಸಾಕು ಅಂದೆ. ಫೋನನ್ನು ಟೀಪಾಯಿ ಮೇಲಿಟ್ಟು ಒತ್ತಿದೆ. ಮೊದಲ ಸಾಲು ಬಹಳ ಮೆಲ್ಲಗೆ ಬಂತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಇನ್ನೊಂದೀಟು ಗಟ್ಟಿ ಹೇಳ್ರಿ, ನನಗ ಕೇಳವಲ್ದು" ಅಂತ ಕೂಗಿದಳು ಅವ್ವ ಅಡಿಗೆಮನೆಯಿಂದ.

ಅಪ್ಪ ಗಂಟಲು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಮೊದಲಿಂದ ಎತ್ತಿಕೊಂಡರು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ನಡುವೆ ಎರಡು ಕಡೆ ಸಾಲು ಮರೆತಿದ್ದಾರೆ, ಒಂದು ಕಡೆ ಕುಕ್ಕರ್ ಸೀಟಿ ಹೊಡೆದಿದೆ. ಅದು ಈಗ ನನ್ನ ಹತ್ತಿರ ಮೂರು ಕಡೆ ಬ್ಯಾಕಪ್ ಇದೆ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ನೆಲದ ಟಿಕೀಟು ತೆಗೆಸಿ ಕೂತವರು ಇರುತ್ತಾರೆ. ಜನವರಿಯಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ಕಂಪನಿಗಳು ಬಂದು ಟೆಂಟು ಹಾಕುತ್ತವೆ, ರಜೆ ಹಾಕಿ ಅವರನ್ನು ಕರೆದುಕೊಂಡು ಹೋಗಿ. ಅದಾಗದಿದ್ದರೆ ಈ ಭಾನುವಾರ ಅವರ ಎದುರು ಕೂತು ಒಂದು ಹಾಡು ಕೇಳಿ. ಅರ್ಧ ಬಂದರೂ ಸಾಕು.